ಪ್ಲೇಟಿನಲ್ಲಿದ್ದ ಹಾಗೆ

ಕ್ಲಬ್ಬಿನ ಪಿಯಾನೋ ಮಾಸ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಗೋಣಿಕೊಪ್ಪಲಿನ ಸಂತೆಯಲ್ಲಿ, ಒಣಮೀನಿನ ಅಂಗಡಿಯ ಮುಂದೆ. ಹೇಳಿದವರು ಕ್ಲಬ್ಬಿನ ಹಳೆಯ ಮೆಂಬರೊಬ್ಬರ ಮಗ. "ದೇವರಂಥ ಮನುಷ್ಯ ಸಿಸ್ಟರ್. ಇಡೀ ಆಯುಸ್ಸು ನಮ್ಮ ಕ್ಲಬ್ಬಿಗೇ ಕೊಟ್ಟುಬಿಟ್ರು" ಅಂದರು. ನಾನು ಸಿಗಡಿ ಆರಿಸುತ್ತಿದ್ದವಳು ತಲೆಯೆತ್ತಿ, "ಅವರು ಕೊಟ್ಟದ್ದಲ್ಲಪ್ಪ, ನೀವು ತಗೊಂಡದ್ದು" ಅಂದೆ. ಅವರು ನಕ್ಕರು. ವಯಸ್ಸಾದ ಹೆಂಗಸು ಏನಂದರೂ ಜನ ನಗುತ್ತಾರೆ, ಅದೊಂದು ಅನುಕೂಲ. ಮನೆಗೆ ಬಂದು ಚೀಲ ಇಟ್ಟವಳಿಗೆ ಅಡುಗೆ ಮಾಡಲು ಮನಸ್ಸಾಗಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಅಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರೂ ಅಲ್ಲ. ದೊಡ್ಡವರಿಂದ ಹಿಡಿದು ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳವರೆಗೆ ಎಲ್ಲರಿಗೂ ಅವರು "ಮಾಸ್ಟ್ರು". ಪಾಠ ಹೇಳಿಕೊಟ್ಟ ಮಾಸ್ಟ್ರೇನಲ್ಲ. ಬ್ಯಾಂಡ್ ಮಾಸ್ಟರು ಅಂತ ಯಾರೋ ಶುರು ಮಾಡಿ, ಬ್ಯಾಂಡು ಉದುರಿ, ಮಾಸ್ಟ್ರು ಉಳಿದದ್ದು.

ನಾನು ಆಗ ಆ ಕಡೆಯ ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸು. ಭಾಗಮಂಡಲದ ಕಡೆಯ ಗೌಡರ ಮನೆಯ ಹುಡುಗಿ ಸೂಜಿ ಚುಚ್ಚುವ ಕೆಲಸ ಕಲಿತಳು ಅಂತ ನಮ್ಮೂರಲ್ಲಿ ಒಂದು ವರ್ಷ ಮಾತಾಡಿಕೊಂಡಿದ್ದರು. ಆಸ್ಪತ್ರೆಯ ಹಿಂದೆ ದಾಸವಾಳದ ಬೇಲಿ, ಬೇಲಿಯಾಚೆ ಕ್ಲಬ್ಬಿನ ಔಟ್‌ಹೌಸು. ಆ ಔಟ್‌ಹೌಸಿನಲ್ಲಿ ಮಾಸ್ಟ್ರು ಇದ್ದರು. ಹಾಗಾಗಿ ಅವರು ಏನು ನುಡಿಸಿದರೂ ಕ್ಲಬ್ಬಿನ ಮೆಂಬರುಗಳಿಗಿಂತ ಹೆಚ್ಚು ಕೇಳಿದವಳು ನಾನು. ಸಂಗೀತದಲ್ಲಿ ನನಗೆ ಏನೂ ಗೊತ್ತಿಲ್ಲ. ಕೇಳಿ ಕೇಳಿ ಗೊತ್ತಾದದ್ದನ್ನು ಹೇಳುತ್ತಿದ್ದೇನೆ.

ಕೊಡಗು ಮೈಸೂರಿಗೆ ಸೇರಿ ಒಂದೆರಡು ವರ್ಷ ಆಗಿತ್ತು, ಅಷ್ಟೆ. ಬಿಳಿ ದೊರೆಗಳು ಹೆಚ್ಚಿನವರು ತೋಟ ಮಾರಿ ಹಡಗು ಹತ್ತಿದ್ದರು. ಆದರೆ ಕ್ಲಬ್ಬು, ಕ್ರಿಸ್ಮಸ್ ಡ್ಯಾನ್ಸು, ಪಿಯಾನೋ ಎಲ್ಲ ಹಾಗೇ ಇತ್ತು. ಬೊಂಬಾಯಿಯಲ್ಲಿ ಸರಕಾರ ಮದ್ಯ ನಿಲ್ಲಿಸಿ ಹೋಟೆಲುಗಳ ಬ್ಯಾಂಡೆಲ್ಲ ಸೊರಗಿದ್ದ ಕಾಲ. ಅಲ್ಲೊಂದು ದೊಡ್ಡ ಹೋಟೆಲಿನಲ್ಲಿ ಜಾಜ್ ನುಡಿಸುತ್ತಿದ್ದ ಮಂಗಳೂರು ಕ್ರಿಶ್ಚಿಯನ್ ಒಬ್ಬರನ್ನು ಕ್ರಿಸ್ಮಸ್ ವಾರಕ್ಕೆ ಅಂತ ಕರೆಸಿದರು. ಒಂದು ಟ್ರಂಕು, ಎರಡು ಕಪ್ಪು ಸೂಟು, ಇಷ್ಟೇ ಅವರು ತಂದದ್ದು. ಒಂದು ವಾರಕ್ಕೆ ಇನ್ನೆಷ್ಟು ಬೇಕು?

ಕುಳ್ಳಗಿನ ಮನುಷ್ಯ. ಕತ್ತು ಮಾತ್ರ ಉದ್ದ. ನಡೆಯುವಾಗ ಒಂದು ಹೆಜ್ಜೆ ಬೇಗ ಬೀಳುತ್ತಿತ್ತು, ಇನ್ನೊಂದು ಸ್ವಲ್ಪ ತಡವಾಗಿ, ಯಾರನ್ನೋ ಕಾಯುತ್ತಿರುವ ಹಾಗೆ. ನಮ್ಮ ಕಂಪೌಂಡರ್ ಅದನ್ನು ಕಾಲುನೋವು ಅಂದುಕೊಂಡು ಮುಲಾಮಿನ ಡಬ್ಬಿ ಕೊಟ್ಟುಬಿಟ್ಟ. ಮಾಸ್ಟ್ರು ಅದನ್ನು ಇಸಕೊಂಡು, "ಇದಕ್ಕೆ ಮದ್ದಿಲ್ಲ ಮಾರಾಯಾ, ಇದು ತಾಳ" ಅಂದರಂತೆ. ಡಬ್ಬಿ ಮಾತ್ರ ವಾಪಸು ಕೊಡಲಿಲ್ಲ.

ಕ್ರಿಸ್ಮಸ್ ಮುಗಿಯಿತು. ಹೊಸ ವರ್ಷ ಆಯಿತು. ಪಿಯಾನೋದ ಹೊಟ್ಟೆ ಬಿಚ್ಚಿ ನೋಡಿದರೆ ಒಳಗೆಲ್ಲ ಬೂಷ್ಟು. ಇಲ್ಲಿಯ ಮಳೆಗಾಲ ಏನು ಸಾಮಾನ್ಯವೇ? ಚಪ್ಪಲಿಯ ಮೇಲೆ ಹುಲ್ಲು ಬೆಳೆಯುತ್ತದೆ. ಅವರು ಅದನ್ನು ರಿಪೇರಿ ಮಾಡುತ್ತ ಕೂತರು. ಅಷ್ಟರಲ್ಲಿ ಜೂನ್ ಬಂತು. ಮಳೆ ಹಿಡಿದ ಮೇಲೆ ಪಿಯಾನೋದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಬೆಳಗ್ಗೆ ಸಂಜೆ ಬದಲಾಯಿಸಬೇಕು, ಇಲ್ಲದಿದ್ದರೆ ಒಂದು ಮಳೆಗೇ ಪಿಯಾನೋ ಗೋವಿಂದ. ಆ ಕೆಲಸ ಬೇರೆ ಯಾರಿಗೂ ನಂಬಿ ಕೊಡುವ ಹಾಗಿಲ್ಲ. "ಈ ಮಳೆ ಒಂದು ಕಳೀಲಿ ಸಿಸ್ಟ್ರೇ, ಆಮೇಲೆ ನಾನು ಹೋಗ್ಲಿಕ್ಕೆ ಉಂಟು" ಅಂದರು. ಈ ಮಾತನ್ನು ನಾನು ಎಷ್ಟು ವರ್ಷ ಕೇಳಿದೆನೋ.

ಈಗ ಮೇಜರ್ ಸಾಹೇಬರ ಬಗ್ಗೆ ಹೇಳಬೇಕು. ಕ್ಲಬ್ಬಿನ ಪ್ರೆಸಿಡೆಂಟು. ಕೊಡವರು, ಮಿಲಿಟರಿಯಿಂದ ಬಂದು ತೋಟ ನೋಡಿಕೊಂಡಿದ್ದವರು. ಅಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬನನ್ನು ನಾನು ನೋಡಿಲ್ಲ, ಅದೇ ಇಲ್ಲಿ ತೊಂದರೆ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಎದ್ದು ಹೋಗಬಹುದಿತ್ತು. ಮಾಸ್ಟ್ರು ಮಳೆ ಬಿಟ್ಟ ಕೂಡಲೇ ಊರಿಗೆ ಹೊರಡುವ ಯೋಚನೆಯಿಂದ ಟ್ರಂಕನ್ನು ಹೊರಗೆ ತಂದು ಬಿಸಿಲಿಗೆ ಇಡುತ್ತಿದ್ದರು. ಆ ಸುದ್ದಿ ಮೇಜರಿಗೆ ಹೋಗುತ್ತಿತ್ತು. ಎರಡು ದಿನದಲ್ಲಿ ಏನಾದರೊಂದು ಉಡುಗೊರೆ ಬರುತ್ತಿತ್ತು. ಬಸ್ಸಿನಲ್ಲಿ ಹೊತ್ತುಕೊಂಡು ಹೋಗಲಾಗದ ಉಡುಗೊರೆ.

ಮೊದಲ ಸಲ ಔಟ್‌ಹೌಸಿಗೆ ಹೆಂಚು ಬದಲಾಯಿಸಿ, ಒಳಗೆ ಬೆಂಕಿಗೂಡು ಕಟ್ಟಿಸಿ ಕೊಟ್ಟರು. ಇನ್ನೊಂದು ಸಲ ತಮ್ಮ ಕೊಟ್ಟಿಗೆಯಿಂದಲೇ ಒಂದು ಗಬ್ಬದ ಹಸು ಕಳಿಸಿದರು. ಬೊಂಬಾಯಿಯ ಹೋಟೆಲಿನಲ್ಲಿ ಕಪ್ಪು ಸೂಟು ಹಾಕಿ ಜಾಜ್ ನುಡಿಸಿದವರು ಬೆಳಗ್ಗೆ ಎದ್ದು ಹಸುವಿನ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತದ್ದನ್ನು ನಾನು ಬೇಲಿಯ ಈಚೆಯಿಂದ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. "ನಗ್ಬೇಡಿ ಸಿಸ್ಟ್ರೇ, ಇದರ ಮೂತಿ ಎಲ್ಲಿ ಬಾಲ ಎಲ್ಲಿ ಅಂತ ಹೇಳಿ ಮೊದ್ಲು" ಅಂದರು. ಕರು ಹಾಕಿತು. ಕರುವನ್ನು ಬಿಟ್ಟು ಹೋಗುವುದು ಹೇಗೆ? ಆ ವರ್ಷವೂ ಹೋಯಿತು.

ಮೂರನೆಯ ಸಲ ಮೇಜರು ತಾವೇ ಆಸ್ಪತ್ರೆಗೆ ಬಂದರು. ಬಿ.ಪಿ. ನೋಡಿಸಿಕೊಂಡು, ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಸಿಸ್ಟರ್, ನಿಮ್ಮ ಏಲಿಕುಟ್ಟಿಗೆ ಮನೆಕಡೆ ಗಂಡು ಗಿಂಡು ನೋಡ್ತಾ ಇದ್ದಾರಾ?" ಅಂತ ಕೇಳಿದರು. ಏಲಿಕುಟ್ಟಿ ನನ್ನ ಜೊತೆಯ ನರ್ಸು, ಮಾಕುಟ್ಟದ ಆಚೆ ಇರಿಟ್ಟಿ ಕಡೆಯ ಮಲಯಾಳಿ ಹುಡುಗಿ.

"ಯಾಕೆ ಸಾರ್?"

"ನಮ್ಮ ಮಾಸ್ಟ್ರು ಟ್ರಂಕು ಬಿಸಿಲಿಗೆ ಇಟ್ಟಿದ್ದಾರೆ."

ನಗಬೇಕೋ ಅಳಬೇಕೋ ಹೇಳಿ. ಮದುವೆಯ ಖರ್ಚೆಲ್ಲ ಕ್ಲಬ್ಬಿನದೇ. ಹಂದಿ ಸಾರು, ಕಡುಂಬುಟ್ಟು, ಡ್ಯಾನ್ಸು. ಅದೃಷ್ಟಕ್ಕೆ ಅವರಿಬ್ಬರಿಗೂ ಹೊಂದಿಕೆಯಾಯಿತು. ಏಲಿಕುಟ್ಟಿ ಬಾಯಿ ಬಡುಕಿ, ಅವರು ಮೌನಿ. ಒಂದು ದಿನ ವಾರ್ಡಿನಲ್ಲಿ ಬ್ಯಾಂಡೇಜು ಸುತ್ತುತ್ತ ಅವಳು ನನಗೆ ಹೇಳಿದಳು: "ಚೇಚೀ, ಅವರಿಗೆ ಹೋಗಬೇಕು ಅಂತ ಇದ್ರೆ ನಾನೂ ಹೋಗುವವಳೇ. ಬೊಂಬಾಯಿಯಲ್ಲಿ ನರ್ಸಿಗೆ ಕೆಲಸ ಇಲ್ವಾ? ಅವರನ್ನು ಹಿಡಿದು ಇಡಲಿಕ್ಕೆ ನನ್ನನ್ನು ಕೊಟ್ರು. ನೀನು ಹಿಡೀತೀಯಾ ಅಂತ ನನ್ನನ್ನು ಒಬ್ರೂ ಕೇಳ್ಲಿಲ್ಲ." ಅವಳ ಕಣ್ಣಲ್ಲಿ ನೀರಿತ್ತು, ಆದರೆ ಕೈ ಸುತ್ತುತ್ತಲೇ ಇತ್ತು.

ಮಾಸ್ಟ್ರಿಗೆ ಏನು ಕೊರತೆ ಅಂತ ನೀವು ಕೇಳಬಹುದು. ಮನೆ ಉಂಟು, ಹೆಂಡತಿ ಉಂಟು, ಹಸು ಉಂಟು. ಕೊರತೆ ಇದ್ದದ್ದು ಪಿಯಾನೋದ ಮುಂದೆ. ಕ್ಲಬ್ಬಿನವರಿಗೆ ಬೇಕಾದದ್ದು ಹೆಜ್ಜೆ ಹಾಕಲು ಅನುಕೂಲವಾದ ಹಳೆಯ ನಾಲ್ಕೈದು ಧಾಟಿ. ಅವರ ಎಡಗೈ ಸ್ವಲ್ಪ ದಾರಿ ಬಿಟ್ಟು ಆಚೆ ಈಚೆ ಹೋದರೆ ಸಾಕು, ಸೆಕ್ರೆಟರಿ ಬಾರಿನ ಕಡೆಯಿಂದ ನಗುತ್ತಲೇ ಬೆರಳು ಎತ್ತುತ್ತಿದ್ದರು. ಕೈ ವಾಪಸು ದಾರಿಗೆ ಬರುತ್ತಿತ್ತು. ಜಾಜ್ ಅಂದರೆ ಏನು ಮಾಸ್ಟ್ರೇ ಅಂತ ನಾನೊಮ್ಮೆ ಕೇಳಿದ್ದೆ. ಅವರು ಯೋಚಿಸಿ, "ಒಂದು ಹಾಡು ಉಂಟಲ್ಲ ಸಿಸ್ಟ್ರೇ, ಅದನ್ನು ಬಾಗಿಲು ಅಂತ ಲೆಕ್ಕ ಇಟ್ಕೊಳ್ಳಿ. ಬಾಗಿಲು ತೆಗೆದು ಹೊರಗೆ ಹೋಗುವುದು. ಎಲ್ಲಿಗೆ ಹೋಗುವುದು ಅಂತ ಹೋದ ಮೇಲೆ ಗೊತ್ತಾಗುವುದು" ಅಂದರು. ನನಗೆ ನಮ್ಮ ಕಡೆಯ ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಹೆಂಗಸರ ನೆನಪಾಯಿತು. ಧಾಟಿ ಹಳೆಯದೇ, ಆದರೆ ಮದುಮಗನ ಮೂಗು ನೋಡಿ ಆ ಕ್ಷಣಕ್ಕೆ ನಾಲ್ಕು ಸಾಲು ಹುಟ್ಟಿಸಿ ಹೇಳುತ್ತಾರೆ. ಅದನ್ನು ಹೇಳಿದಾಗ ಅವರು ಖುಷಿಯಿಂದ ತೊಡೆ ತಟ್ಟಿಕೊಂಡರು.

ವರ್ಷದಲ್ಲಿ ಒಂದು ಗಂಟೆ ಮಾತ್ರ ಅವರಿಗೆ ಆ ಬಾಗಿಲು ತೆರೆಯುತ್ತಿತ್ತು. ಕ್ರಿಸ್ಮಸ್ಸಿನ ಹಿಂದಿನ ದಿನ ಸಂಜೆ ಕ್ಲಬ್ಬಿನ ಹಾಲಿನಲ್ಲಿ ಮಕ್ಕಳಿಗೆ ಕಾರ್ಟೂನ್ ಸಿನಿಮಾ. ಮೆಂಬರುಗಳ ಮಕ್ಕಳು ಕುರ್ಚಿಯಲ್ಲಿ, ನಮ್ಮಂಥವರ ಮಕ್ಕಳು ಜಮಖಾನದ ಮೇಲೆ. ಪಟಾಕಿಯಿಂದ ಯಾರಾದರೂ ಕೈ ಸುಟ್ಟುಕೊಂಡರೆ ಅಂತ ನನ್ನನ್ನೂ ಮದ್ದಿನ ಪೆಟ್ಟಿಗೆ ಸಮೇತ ಒಂದು ಮೂಲೆಯಲ್ಲಿ ಕೂರಿಸುತ್ತಿದ್ದರು. ದೊರೆಗಳು ಬಿಟ್ಟುಹೋದ ಪ್ರೊಜೆಕ್ಟರಿನಲ್ಲಿ ಚಿತ್ರ ಬರುತ್ತಿತ್ತು, ಶಬ್ದ ಸತ್ತಿತ್ತು. ರೀಲು ಇದ್ದದ್ದೂ ಒಂದೇ ಕಥೆಯದು. ಒಂದು ನರಿ, ಒಂದು ಹುಂಜ. ನರಿ ಬೇಲಿ ಹಾರುತ್ತದೆ, ಹುಂಜ ತಪ್ಪಿಸಿಕೊಳ್ಳುತ್ತದೆ, ನರಿ ಹಿಟ್ಟಿನ ಮೂಟೆಯೊಳಗೆ ಬೀಳುತ್ತದೆ. ಶಬ್ದದ ಬದಲಿಗೆ ಮಾಸ್ಟ್ರು ಪಿಯಾನೋ ನುಡಿಸುತ್ತಿದ್ದರು.

ಚಿತ್ರ ವರ್ಷ ವರ್ಷವೂ ಅದೇ, ಸಂಗೀತ ಮಾತ್ರ ಪ್ರತಿ ವರ್ಷ ಹೊಸದು. ಒಂದು ವರ್ಷ ನರಿ ಬೀಳುವಾಗ ಧಡ್ ಅಂತ ಬಾರಿಸಿದರೆ, ಮರುವರ್ಷ ಅದೇ ನರಿ ಬೀಳುವಾಗ ತುಂಬ ದುಃಖದ ಏನನ್ನೋ ಮೆಲ್ಲಗೆ ನುಡಿಸುತ್ತಿದ್ದರು. ಮಕ್ಕಳು ಮೊದಲು ತಬ್ಬಿಬ್ಬಾಗಿ, ಆಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ಕುಣಿಯುವವರಿಲ್ಲ, ಸೆಕ್ರೆಟರಿಯ ಬೆರಳಿಲ್ಲ. ಕತ್ತಲೆಯಲ್ಲಿ ಅವರ ಉದ್ದ ಕತ್ತು ಮುಂದೆ ಹಿಂದೆ ಆಡುವುದು ಪರದೆಯ ಬೆಳಕಿನಲ್ಲಿ ಕಾಣುತ್ತಿತ್ತು. ಆ ಗಂಟೆಗೋಸ್ಕರ ಅವರು ವರ್ಷವಿಡೀ ಕೆಂಡ ಬದಲಾಯಿಸುತ್ತಿದ್ದರು ಅಂತ ನನ್ನ ನಂಬಿಕೆ.

ಆಮೇಲೆ ಪ್ಲೇಟು ಬಂತು.

ಮೇಜರ ಮಗಳು ಅಮೆರಿಕದಿಂದ ರಜೆಗೆ ಬಂದವಳು ಒಂದು ಗ್ರಾಮಫೋನ್ ಪ್ಲೇಟು ತಂದಿದ್ದಳು. ಅಲ್ಲಿ ಮನೆಮನೆಯಲ್ಲೂ ಟೆಲಿವಿಷನ್ ಅಂತ ಒಂದು ಪೆಟ್ಟಿಗೆ ಇರುತ್ತದಂತೆ, ಕ್ರಿಸ್ಮಸ್ ಬಂದರೆ ಅದರಲ್ಲಿ ಮಕ್ಕಳಿಗಾಗಿ ಕಾರ್ಟೂನ್ ತೋರಿಸುತ್ತಾರಂತೆ. ಒಂದು ಕರಡಿಮರಿ ಹಬ್ಬದ ದಿನ ಮಂಜಿನಲ್ಲಿ ದಾರಿ ತಪ್ಪಿ ಅಲೆಯುವ ಕಥೆ. ಆ ಕಾರ್ಟೂನಿನ ಸಂಗೀತದ ಪ್ಲೇಟು ಇದು. ಆ ದಿನ ಮೇಜರ ತಾಯಿಗೆ ಇಂಜೆಕ್ಷನ್ ಕೊಡಲು ನಾನು ಬಂಗಲೆಗೆ ಹೋಗಿದ್ದೆ. ಮಾಸ್ಟ್ರನ್ನೂ ಕರೆಸಿದ್ದರು. ರೇಡಿಯೋಗ್ರಾಮಿನಲ್ಲಿ ಪ್ಲೇಟು ಹಾಕಿದರು.

ಮೂರೇ ಜನ ನುಡಿಸುವುದು ಅದರಲ್ಲಿ. ಒಂದು ಪಿಯಾನೋ, ಒಂದು ದೊಡ್ಡ ಪಿಟೀಲಿನಂಥದ್ದು, ಒಂದು ಡ್ರಮ್ಮನ್ನು ಪೊರಕೆಯಲ್ಲಿ ಸವರಿದ ಹಾಗೆ. ಮಕ್ಕಳ ಸಂಗೀತ ಅಂದರೆ ಡಂಗುಡಕ್ಕ ಇರುತ್ತದೆ ಅಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಹಬ್ಬ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆ ಹೇಗಿರುತ್ತದೆಯೋ ಹಾಗಿತ್ತು ಅದು. ಮಾಸ್ಟ್ರು ನಿಂತೇ ಕೇಳಿದರು. ಅರ್ಧದಲ್ಲಿ ನನ್ನ ಕಡೆ ತಿರುಗಿ, ಮೇಜರು ಇದ್ದಾರೆ ಎಂಬುದನ್ನೂ ಮರೆತು, "ಜಾಜ್ ಸಿಸ್ಟ್ರೇ! ಅಲ್ಲಿ ಮಕ್ಕಳಿಗೆ ಇದನ್ನೇ ಹಾಕ್ತಾರಂತೆ! ನಾನು ನರಿಗೆ ಮಾಡಿದ್ದೂ ಇದನ್ನೇ ಅಲ್ವಾ? ತಪ್ಪಲ್ಲ ಅಲ್ವಾ ಅದು?" ಅಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಮದುವೆಯ ದಿನವೂ ನಾನು ನೋಡಿರಲಿಲ್ಲ.

ಆ ವರ್ಷದ ಮಕ್ಕಳ ಸಿನಿಮಾಕ್ಕೆ ಇದೇ ಸಂಗೀತ ನುಡಿಸಬೇಕು ಅಂತ ಮೇಜರು ಹೇಳಿದರು. ಮಾಸ್ಟ್ರು ಕುಣಿಯುತ್ತ ಒಪ್ಪಿದರು. ಆದರೆ ನಡುವೆ ಇನ್ನೂ ವಾರಗಳಿದ್ದವು. ಬಂಗಲೆಯಲ್ಲಿ ಸೇರುತ್ತಿದ್ದ ಮೆಂಬರುಗಳ ಮಕ್ಕಳೆಲ್ಲ ದಿನಾ ಆ ಪ್ಲೇಟು ಹಾಕಿಸಿ ಹಾಕಿಸಿ ಬಾಯಿಪಾಠ ಮಾಡಿಬಿಟ್ಟಿದ್ದವು. ಸಿನಿಮಾದ ದಿನ ಮಾಸ್ಟ್ರು ಆ ಧಾಟಿಯನ್ನು ಶುರು ಮಾಡಿ, ಅಭ್ಯಾಸದಂತೆ ಬಾಗಿಲು ತೆಗೆದು ಹೊರಗೆ ಹೋದರು. ಎದುರು ಕೂತಿದ್ದ ಒಂದು ಹುಡುಗಿ ಎದ್ದು ನಿಂತು, "ರಾಂಗ್, ಅಂಕಲ್! ಪ್ಲೇಟಲ್ಲಿ ಹಾಗಿಲ್ಲ!" ಎಂದು ಕೂಗಿದಳು. ಮಿಕ್ಕ ಮಕ್ಕಳೂ ಸೇರಿ "ರಾಂಗ್, ರಾಂಗ್" ಎಂದು ಚಪ್ಪಾಳೆ ಹೊಡೆದವು. ತಾಯಂದಿರು ಮುಸಿಮುಸಿ ನಕ್ಕರು. ಮಾಸ್ಟ್ರೂ ನಕ್ಕರು, ಪಾಪ.

ಮರುದಿನ ಮೇಜರು ಅವರಿಗೆ ತುಂಬ ಮೆದುವಾಗಿ ಹೇಳಿದರು. ನಾನು ಅಲ್ಲೇ ಇದ್ದೆ. "ಮಾಸ್ಟ್ರೇ, ಮಕ್ಕಳಿಗೆ ಪ್ಲೇಟಿನಲ್ಲಿದ್ದ ಹಾಗೇ ಬೇಕು. ಹಾಗೇ ನುಡಿಸಿಬಿಡಿ."

"ಸಾರ್, ಅದರಲ್ಲಿ ಅವನು ನುಡಿಸಿದ್ದು ಆ ಹೊತ್ತಿಗೆ ಅವನಿಗೆ ಬಂದದ್ದು. ನಾಳೆ ಕೇಳಿದ್ರೆ ಅವನೇ ಬೇರೆ ನುಡಿಸ್ತಾನೆ. ಹಾಗೇ ನುಡಿಸಿದ್ರೆ ಅದು ಅದೇ ಅಲ್ಲ ಸಾರ್."

"ಆದರೆ ಅವನು ಮಾಡಿದ್ದೇ ಇಷ್ಟು ಚೆಂದ ಇದೆಯಲ್ಲ. ಬದಲಾಯಿಸೋದು ಯಾಕೆ?"

ನನಗೆ ತಡೆಯಲಾಗಲಿಲ್ಲ. "ಸಾರ್, ಸೋಬಾನೆ ಹೇಳುವವರು ಹೋದ ಮದುವೆಯ ಮದುಮಗನ ಹೆಸರನ್ನೇ ಈ ಮದುವೆಯಲ್ಲೂ ಹೇಳ್ತಾರಾ?" ಅಂದೆ. ಮೇಜರು ಬಾಯ್ತುಂಬ ನಕ್ಕು, "ಇದು ಸೋಬಾನೆ ಅಲ್ಲ ಸಿಸ್ಟರ್, ಪ್ಲೇಟು. ಅಚ್ಚಾಗಿ ಬಂದದ್ದು" ಅಂದರು. ವಾರದೊಳಗೆ ಔಟ್‌ಹೌಸಿಗೆ ಒಂದು ಗ್ರಾಮಫೋನು ಬಂತು, ಅದರ ಜೊತೆ ಆ ಪ್ಲೇಟೂ ಬಂತು. ಮೇಜರ ಮಗಳು ತನ್ನ ಇಷ್ಟದ ಪ್ಲೇಟನ್ನೇ ಮಾಸ್ಟ್ರಿಗೆ ಬಿಟ್ಟುಕೊಟ್ಟಿದ್ದಳು. ಅದಕ್ಕೆ ಥ್ಯಾಂಕ್ಸ್ ಹೇಳದೆ ಹೇಗಿರುವುದು?

ಅಲ್ಲಿಂದ ನನಗೂ ಸೆರೆ, ಅವರಿಗೂ ಸೆರೆ. ಮಳೆಗಾಲದಲ್ಲಿ ಎಲ್ಲಿಗೂ ಹೋಗುವ ಹಾಗಿಲ್ಲ, ಬೇಲಿಯಾಚೆಯಿಂದ ಪ್ಲೇಟಿನ ನಾಲ್ಕು ಸ್ವರ, ಮುಳ್ಳು ಎತ್ತಿದ ಶಬ್ದ, ಮತ್ತೆ ಅದೇ ನಾಲ್ಕು ಸ್ವರ. ಆಮೇಲೆ ಕ್ಲಬ್ಬಿನ ಹಾಲಿಗೆ ಓಡಿ ಪಿಯಾನೋದಲ್ಲಿ ಅದನ್ನೇ ಹುಡುಕುವುದು. ಭಾಗಮಂಡಲದಿಂದ ನನ್ನನ್ನು ನೋಡಲು ಬಂದಿದ್ದ ಅವ್ವ ಎರಡು ದಿನ ಕೇಳಿ, "ಇದೆಂಥ ಕೂಸೇ, ಸೂರಿಂದ ಪಾತ್ರೆಗೆ ನೀರ್ ಬಿದ್ದಾಂಗೆ ಉಟ್ಟಲ್ಲ, ನಿಲ್ಲದೇ ಇಲ್ಲೆನಾ?" ಅಂದಳು. ಮೂರನೆಯ ದಿನ ಬಸ್ಸು ಹತ್ತಿದಳು.

ಒಂದು ವಿಷಯ ಹೇಳಿದರೆ ನೀವು ನಂಬಲಿಕ್ಕಿಲ್ಲ. ಬಂಗಲೆಯಲ್ಲಿದ್ದಾಗಲೇ ಮಕ್ಕಳ ಕೈಗೆ ಸಿಕ್ಕಿ ಆ ಪ್ಲೇಟಿನಲ್ಲಿ ಒಂದು ಗೀರು ಬಿದ್ದಿತ್ತು. ಆ ಜಾಗ ಬಂದಾಗ ಮುಳ್ಳು ಹಾರಿ ಹಿಂದಕ್ಕೆ ಬಂದು, ಅದೇ ತುಣುಕನ್ನು ಮೂರು ಸಲ ಹೇಳಿ, ಆಮೇಲೆ ಮುಂದೆ ಹೋಗುತ್ತಿತ್ತು. ಮಕ್ಕಳು ಕಲಿತದ್ದು ಆ ಗೀರು ಸಮೇತ. ಮರುವರ್ಷ ಮಾಸ್ಟ್ರು ಆ ಜಾಗವನ್ನು ಒಂದೇ ಸಲ ನುಡಿಸಿ ಮುಂದೆ ಹೋದರೆ ಮತ್ತೆ "ರಾಂಗ್". ಅದರ ಮರುವರ್ಷದಿಂದ ಅವರು ಗೀರನ್ನೂ ನುಡಿಸಿದರು. ಮೂರು ಸಲ. ಮಕ್ಕಳು ಒಟ್ಟಿಗೆ "ಒನ್, ಟೂ, ತ್ರೀ" ಎಂದು ಎಣಿಸಿ ಕುರ್ಚಿ ಕುಟ್ಟುತ್ತಿದ್ದವು. ಹೊಸದಾಗಿ ಬಂದ ಒಬ್ಬ ಮೆಂಬರು ಅದನ್ನು ಕೇಳಿ, "ಆ ಮೂರು ಸಲ ಬರುವಲ್ಲಿ ಎಂಥ ಭಾವ!" ಅಂದರಂತೆ. ಏಲಿಕುಟ್ಟಿ ನನಗೆ ಅದನ್ನು ಹೇಳಿ, "ಎಂಡೆ ಮಾತಾವೇ, ಅದು ಪ್ಲೇಟಿಗೆ ಬಂದ ರೋಗ ಅಂತ ಯಾರಾದರೂ ಇವರಿಗೆ ಹೇಳಿ" ಅಂತ ಹಣೆ ಬಡಿದುಕೊಂಡಳು. ಯಾರು ಹೇಳುವುದು? ಮಾಸ್ಟ್ರು ಹೇಳಲಿಲ್ಲ. ಅವರಿಗೆ ಜಗಳ ಬರುತ್ತಿರಲಿಲ್ಲ. ಉಪಕಾರ ತಿಂದ ಬಾಯಿ ಅದು, ತೆರೆಯುವುದೇ ಕಷ್ಟ.

ಮಕ್ಕಳು ದೊಡ್ಡವಾಗಿ ಊಟಿ, ಬೆಂಗಳೂರಿನ ಬೋರ್ಡಿಂಗ್ ಶಾಲೆಗಳಿಗೆ ಹೋದವು. ಅವರ ತಮ್ಮ ತಂಗಿಯರು ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ಒನ್ ಟೂ ತ್ರೀ ಹೇಳಿದವು. ಅಷ್ಟು ಹೊತ್ತಿಗೆ ಗ್ರಾಮಫೋನು ಕೆಟ್ಟಿತ್ತು, ಪ್ಲೇಟು ಡೊಂಕಾಗಿತ್ತು. ಈಗ ಪ್ಲೇಟು ಇದ್ದದ್ದು ಮಾಸ್ಟ್ರ ಕೈಯಲ್ಲಿ ಮಾತ್ರ.

ಒಂದು ಡಿಸೆಂಬರಿನಲ್ಲಿ ಅವರ ಹಳೆಯ ಗೆಳೆಯರೊಬ್ಬರು ಬಂದರು. ಬೊಂಬಾಯಿಯ ಹೋಟೆಲಿನಲ್ಲಿ ಜೊತೆಗೆ ಡ್ರಮ್ ಬಾರಿಸಿದವರು. ದಪ್ಪ ಮನುಷ್ಯ, ನಗು ಕಾಫಿ ಕಣದವರೆಗೆ ಕೇಳಿಸುತ್ತಿತ್ತು. ಮಂಗಳೂರಿಗೆ ಬಂದವರು ಹುಡುಕಿಕೊಂಡು ಘಟ್ಟ ಹತ್ತಿದ್ದರು. ಹಡಗೊಂದರಲ್ಲಿ ಬ್ಯಾಂಡು ಕಟ್ಟುತ್ತಿದ್ದಾರೆ, ಮೂರೇ ಜನರ ಬ್ಯಾಂಡು, ಪಿಯಾನೋಕ್ಕೆ ಜನ ಬೇಕು. ಕ್ರಿಸ್ಮಸ್ ದಿನ ಬೆಳಗ್ಗೆಯೇ ಹೊರಡಬೇಕು. "ನೀನು ಹೇಗೆ ಬೇಕಾದ್ರೂ ನುಡಿಸು ಮಾರಾಯಾ, ಅಲ್ಲಿ ಕೇಳುವವರು ಯಾರೂ ಇಲ್ಲ" ಅಂದರು. ಏಲಿಕುಟ್ಟಿ ಕಾಫಿ ಲೋಟ ಕೆಳಗಿಟ್ಟು, ಗಂಡನ ಮುಖ ನೋಡಿ, "ಹೋಗುವ" ಅಂದಳು. ಬೊಂಬಾಯಿಯಲ್ಲಿ ತನ್ನ ಚಿಕ್ಕಮ್ಮ ಇದ್ದಾಳೆ, ಆಸ್ಪತ್ರೆ ಕೆಲಸ ಸಿಗುತ್ತದೆ, ಅವರು ಹಡಗಿನಿಂದ ಬಂದು ಹೋಗಿ ಮಾಡಲಿ. ಎಲ್ಲವನ್ನೂ ಅವಳೇ ಯೋಚಿಸಿ ಮುಗಿಸಿದ್ದಳು.

ಈ ಸಲ ಟ್ರಂಕನ್ನು ಬಿಸಿಲಿಗೆ ಇಡಲಿಲ್ಲ. ಒಳಗೇ ತುಂಬಿಸಿದರು. ಹಸುವನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ. ಮೇಜರಿಗೆ ಹೇಳದೆ ಹೋಗುವುದು ಸರಿಯಲ್ಲ ಎಂದು ಮಾಸ್ಟ್ರೇ ಒಂದು ದಾರಿ ಹುಡುಕಿದರು. ಮಕ್ಕಳ ಸಿನಿಮಾದಲ್ಲಿ, ಎಲ್ಲರ ಎದುರಿಗೆ, ತಮ್ಮದನ್ನು ನುಡಿಸಿಬಿಡುವುದು. ಅದನ್ನು ಕೇಳಿದರೆ ಮೇಜರಿಗೆ ತಾನೇ ಗೊತ್ತಾಗುತ್ತದೆ, ಮಾರನೆಯ ಬೆಳಗ್ಗೆ ಕಾಲಿಗೆ ಬಿದ್ದು ಹೊರಡುವುದು. "ನರಿ ಬೇಲಿ ಹಾರ್ತದಲ್ಲ ಸಿಸ್ಟ್ರೇ, ಅಲ್ಲಿಂದ ನನ್ನದು. ಕೇಳಿ" ಅಂದರು. ಅವರ ಕಣ್ಣು ಮಕ್ಕಳ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ನನಗೆ ಆ ದಿನವೆಲ್ಲ ಕೆಲಸದಲ್ಲಿ ಮನಸ್ಸಿಲ್ಲ. ನಮ್ಮ ಮನೆಯ ಹುಡುಗನದೇ ಪರೀಕ್ಷೆ ಅನ್ನುವ ಹಾಗೆ ಆಗಿತ್ತು.

ಸಂಜೆ ಹಾಲು ತುಂಬಿತ್ತು. ಗೆಳೆಯರು ಹಿಂದಿನ ಸಾಲಿನಲ್ಲಿ, ಏಲಿಕುಟ್ಟಿ ನನ್ನ ಪಕ್ಕದಲ್ಲಿ. ದೀಪ ಆರಿತು. ಪ್ಲೇಟಿನ ಧಾಟಿ ಶುರುವಾಯಿತು. ಹುಂಜ ಬಂತು, ನರಿ ಬಂತು. ನರಿ ಬೇಲಿಯ ಹಿಂದೆ ಬಾಗಿ ಕೂತಿತು. ಏಲಿಕುಟ್ಟಿ ನನ್ನ ಮುಂಗೈ ಹಿಡಿದುಕೊಂಡಳು. ನರಿ ಹಾರಿತು.

ಪಿಯಾನೋ ಒಂದು ಗಳಿಗೆ ನಿಂತಿತು. ಮಕ್ಕಳು ತಿರುಗಿ ನೋಡಿದವು. ಏನೋ ಎರಡು ಮೂರು ಸ್ವರ ಕೇಳಿಸಿತು, ಹೊಸದು, ನಾನು ಬೇಲಿಯ ಈಚೆಯಿಂದ ಎಂದೂ ಕೇಳಿರದದ್ದು. ಮತ್ತೆ ಮೌನ. ಮತ್ತೆ ಆ ಎರಡು ಮೂರು ಸ್ವರ, ಅನುಮಾನದಲ್ಲಿ. ಆಮೇಲೆ ಪ್ಲೇಟು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ಒಂದು ಸ್ವರವೂ ಆಚೀಚೆ ಇಲ್ಲ. ಗೀರು ಬಂತು. "ಒನ್! ಟೂ! ತ್ರೀ!" ಎಂದು ಮಕ್ಕಳು ಕುರ್ಚಿ ಕುಟ್ಟಿದವು. ಏಲಿಕುಟ್ಟಿ ನನ್ನ ಕೈ ಬಿಟ್ಟಳು. ದೀಪ ಹತ್ತಿದಾಗ ಮೇಜರು ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವರು ಹೋಗದೆ ಉಳಿದದ್ದಕ್ಕೆ ಜನ ಏನೇನೋ ಹೇಳುತ್ತಾರೆ. ಮಾಸ್ಟ್ರಿಗೆ ಧೈರ್ಯ ಸಾಲಲಿಲ್ಲ ಅಂತ, ಮೇಜರ ಋಣ ಕಟ್ಟಿ ಹಾಕಿತು ಅಂತ, ಕೊಡಗಿನ ಗಾಳಿ ಹಿಡಿಸಿತ್ತು ಅಂತ. ಮರುದಿನ ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆಗೆದವಳು ನಾನು. ಕ್ರಿಸ್ಮಸ್ ದಿನ, ರೋಗಿಗಳು ಯಾರೂ ಇರಲಿಲ್ಲ. ಅವರು ಕಪ್ಪು ಸೂಟು ಹಾಕಿ, ತಲೆ ಬಾಚಿ, ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದು ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಅಂಗಾತ ಇಟ್ಟರು.

"ನೋಡಿ ಸಿಸ್ಟ್ರೇ. ಏನೋ ಆಗಿದೆ ಇದಕ್ಕೆ."

"ನೋವುಂಟಾ?"

"ಇಲ್ಲ."

"ಜೋಮು ಹಿಡಿದ ಹಾಗೆ?"

"ಇಲ್ಲ. ನಿನ್ನೆ ನಾನು ಹೊರಗೆ ಹೋಗ್ಲಿಕ್ಕೆ ನೋಡಿದೆ. ಎರಡು ಹೆಜ್ಜೆ ಇಟ್ಟೆ. ಆಮೇಲೆ ಎಲ್ಲಿಗೆ ಅಂತ ಗೊತ್ತಾಗ್ಲಿಲ್ಲ. ಬೆರಳು ತಾನಾಗಿ ವಾಪಸು ಹೋಯ್ತು. ಬೆಳಗ್ಗೆ ಎದ್ದು ಒಬ್ಬನೇ ಹೋಗಿ ಪುನಃ ಕೂತೆ. ಆಗ್ಲೂ ಅದೇ. ಬೇರೆ ಎಂಥದೂ ಇಲ್ಲ ಸಿಸ್ಟ್ರೇ ಇದರಲ್ಲಿ. ಬರೀ ಅದೊಂದೇ ಉಂಟು."

ನಾನು ಒಂದೊಂದೇ ಬೆರಳನ್ನು ಮಡಚಿ ಬಿಡಿಸಿ ನೋಡಿದೆ. ಗಂಟುಗಳನ್ನು ಒತ್ತಿದೆ. ಸೂಜಿಯ ಮೊನೆ ತಾಗಿಸಿದಾಗ ಕೈ ಹಿಂದಕ್ಕೆ ಎಳೆದುಕೊಂಡರು. ನನ್ನ ಬೆರಳು ಹಿಡಿದು ಒತ್ತಿ ಅಂದರೆ ನನಗೆ ನೋಯುವಷ್ಟು ಒತ್ತಿದರು. ಒಂದು ಕಾಯಿಲೆಯ ಹೆಸರು ಹೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ, ಕಾಯಿಲೆಗೆ ಮದ್ದಾದರೂ ಇರುತ್ತದೆ. ಇಲ್ಲದ್ದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ.

"ಏನೂ ಆಗಿಲ್ಲ ಮಾಸ್ಟ್ರೇ. ಕೈ ಚೆನ್ನಾಗಿದೆ" ಅಂದೆ.

ಹೊರಗೆ ರಸ್ತೆಯಲ್ಲಿ ಗೆಳೆಯರು ತಂದ ಜೀಪು ನಿಂತಿತ್ತು. ಟ್ರಂಕು ಹಿಂದೆ ಇತ್ತು, ಏಲಿಕುಟ್ಟಿ ಹೊಸ ಸೀರೆ ಉಟ್ಟು ಮುಂದೆ ಕೂತಿದ್ದಳು. ಡ್ರೈವರು ಹಾರನ್ ಹೊಡೆದ. ಮಾಸ್ಟ್ರು ಆ ಕಡೆ ತಿರುಗಲಿಲ್ಲ. ಮೇಜಿನ ಮೇಲಿನಿಂದ ಕೈ ತೆಗೆಯಲೂ ಇಲ್ಲ.

"ಇನ್ನೊಮ್ಮೆ ನೋಡಿ ಸಿಸ್ಟ್ರೇ" ಎಂದರು.